ಕೋರ್ಟು ಫೀಗೆ ಹಣವಿಲ್ಲದವರು ದಾವೆ ಹೂಡಬಹುದೇ?

ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಪಿತ್ರಾರ್ಜಿತ ಜಮೀನಿನಲ್ಲಿ ಅವಳಿಗೂ ಪಾಲಿದೆ. ಅಣ್ಣಂದಿರು ಕೊಡಲೊಲ್ಲರು, ಮನೆಯಿಂದಲೂ ಹೊರಗಿಟ್ಟಿದ್ದಾರೆ. ನ್ಯಾಯಾಲಯಕ್ಕೆ ಹೋಗೋಣವೆಂದರೆ ಶುಲ್ಕ ಕಟ್ಟಬೇಕು. ಕರ್ನಾಟಕದಲ್ಲಿ ಈ ಶುಲ್ಕವನ್ನು ನಿರ್ಧರಿಸುವುದು 1958ರ ನ್ಯಾಯಾಲಯ ಶುಲ್ಕ ಮತ್ತು ದಾವೆ ಮೌಲ್ಯ ನಿರ್ಣಯ ಅಧಿನಿಯಮ. ಆಸ್ತಿಯ ಸ್ವಾಧೀನದಿಂದ ಹೊರಗುಳಿದವರು ಪಾಲು ಕೇಳಿದರೆ, ಆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಲೆಕ್ಕವಾಗುತ್ತದೆ. ಕೈಗೆ ಬಾರದ ಆಸ್ತಿಗಾಗಿ ಕೈಯಲ್ಲಿಲ್ಲದ ಹಣ ತೆರಬೇಕು! ಹಾಗಾದರೆ ಬಡವರಿಗೆ ಕೋರ್ಟಿನ ಬಾಗಿಲು ಮುಚ್ಚಿದೆಯೇ?

ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ ಇಂಥವರಿಗಾಗಿಯೇ ಇದೆ. ಅದರಲ್ಲಿ ಮೊದಲು ಇದ್ದ ‘ಪಾಪರ್’ ಎಂಬ ಪದವನ್ನು 1976ರ ತಿದ್ದುಪಡಿ ತೆಗೆದುಹಾಕಿ, ‘ನಿರ್ಗತಿಕ ವ್ಯಕ್ತಿ’ ಎಂಬ ಅರ್ಥದ ಪದವನ್ನು ತಂದಿತು.

ಯಾರು ನಿರ್ಗತಿಕರು?

ಭಿಕ್ಷೆ ಬೇಡುವವರು ಮಾತ್ರ ಎಂಬುದು ತಪ್ಪು ಕಲ್ಪನೆ. ಆ ದಾವೆಗೆ ಬೇಕಾದ ಶುಲ್ಕ ಕಟ್ಟುವಷ್ಟು ಅನುಕೂಲ ಇಲ್ಲದವರೆಲ್ಲ ಇದರಲ್ಲಿ ಬರುತ್ತಾರೆ. ಈ ಅನುಕೂಲವನ್ನು ಅಳೆಯುವಾಗ ಎರಡು ಬಗೆಯ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಂದು, ದಾವೆಗೆ ಒಳಪಟ್ಟ ಆಸ್ತಿ. “ನಿನ್ನ ಪಾಲೇ ಲಕ್ಷಗಟ್ಟಲೆ ಬೆಲೆಬಾಳುತ್ತದಲ್ಲ, ನೀನು ಬಡವಳು ಹೇಗೆ?” ಎಂದು ನಮ್ಮ ಹೆಣ್ಣುಮಗಳನ್ನು ಕೇಳುವ ಹಾಗಿಲ್ಲ. ಎರಡು, ಡಿಕ್ರಿ ಜಾರಿಯಲ್ಲಿ ಜಪ್ತಿ ಮಾಡಬಾರದೆಂದು ಕಾನೂನು ಹೇಳಿರುವ ಆಸ್ತಿ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಂಗಸರು ತೆಗೆಯಬಾರದ ಒಡವೆ, ಕುಶಲಕರ್ಮಿಯ ಸಲಕರಣೆ, ರೈತನ ಜೀವನೋಪಾಯಕ್ಕೆ ಬೇಕಾದ ನೇಗಿಲು, ಎತ್ತು, ಬಿತ್ತನೆ ಬೀಜ ಮುಂತಾದುವು ಈ ಪಟ್ಟಿಯಲ್ಲಿವೆ. ತಾಳಿ ಮಾರಿ ಫೀ ಕಟ್ಟು ಎಂದು ಕಾನೂನು ಹೇಳುವುದಿಲ್ಲ.

ಅರ್ಜಿಯ ದಾರಿ

ವಾದಪತ್ರದಲ್ಲಿ ಇರಬೇಕಾದ ಎಲ್ಲ ವಿವರಗಳೂ ಈ ಅರ್ಜಿಯಲ್ಲಿರಬೇಕು. ಜೊತೆಗೆ ತನ್ನ ಚರಾಸ್ತಿ, ಸ್ಥಿರಾಸ್ತಿಗಳ ಪಟ್ಟಿಯನ್ನು ಅಂದಾಜು ಬೆಲೆಯೊಡನೆ ಕೊಡಬೇಕು. ಸಾಮಾನ್ಯವಾಗಿ ಅರ್ಜಿದಾರರು ತಾವೇ ಬಂದು ಸಲ್ಲಿಸಬೇಕು. ಆಸ್ತಿಪಾಸ್ತಿಯ ಬಗ್ಗೆ ಮೊದಲ ವಿಚಾರಣೆಯನ್ನು ನ್ಯಾಯಾಲಯ ಬೇರೆ ರೀತಿ ಹೇಳದಿದ್ದರೆ ಅದರ ಕಚೇರಿಯ ಮುಖ್ಯ ಅಧಿಕಾರಿ ನಡೆಸುತ್ತಾರೆ. ಅರ್ಜಿಯನ್ನು ಆರಂಭದಲ್ಲೇ ತಳ್ಳಿಹಾಕಲು ಕಾರಣ ಕಾಣದಿದ್ದರೆ ಎದುರು ಪಕ್ಷಕ್ಕೂ ಸರ್ಕಾರಿ ವಕೀಲರಿಗೂ ನೋಟೀಸು ಹೋಗುತ್ತದೆ. ಸರ್ಕಾರಿ ವಕೀಲರು ಏಕೆ? ಬಿಟ್ಟುಕೊಡುತ್ತಿರುವುದು ಸರ್ಕಾರದ ಶುಲ್ಕ, ಅದಕ್ಕೆ.

ಅನುಮತಿ ಸಿಕ್ಕರೆ ಅದೇ ಅರ್ಜಿ ವಾದಪತ್ರವಾಗಿ ನಂಬರು ಪಡೆಯುತ್ತದೆ. ಕೋರ್ಟು ಫೀಯನ್ನೂ ಸಮನ್ಸು ಜಾರಿಯ ಶುಲ್ಕವನ್ನೂ ವಾದಿ ಆಗ ಕಟ್ಟಬೇಕಿಲ್ಲ. ವಕೀಲರಿಲ್ಲದಿದ್ದರೆ ನ್ಯಾಯಾಲಯವೇ ಒಬ್ಬರನ್ನು ಗೊತ್ತುಪಡಿಸಬಹುದು. ಅನುಮತಿ ನಿರಾಕರಿಸಿದಾಗಲೂ ಶುಲ್ಕ ಕಟ್ಟಲು ಸಮಯ ಕೊಡಬಹುದು. ಆ ಅವಧಿಯಲ್ಲಿ ಕಟ್ಟಿದರೆ, ಅರ್ಜಿ ಸಲ್ಲಿಸಿದ ದಿನವೇ ದಾವೆ ಹೂಡಿದಂತೆ. ಕಾಲಮಿತಿ ಮೀರುವ ಭಯವಿದ್ದವರಿಗೆ ಇದು ದೊಡ್ಡ ರಕ್ಷಣೆ.

ಎಚ್ಚರಿಕೆಗಳು

ಬಡವರಂತೆ ಕಾಣಿಸಿಕೊಳ್ಳಲು ಅರ್ಜಿಗೆ ಮುಂಚಿನ ಎರಡು ತಿಂಗಳೊಳಗೆ ಆಸ್ತಿ ಪರಭಾರೆ ಮಾಡಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ದಾವೆಗೆ ಕಾರಣವೇ ಇಲ್ಲದಿದ್ದರೂ, ಬೇರೊಬ್ಬರು ಖರ್ಚು ಹಾಕುವ ಒಪ್ಪಂದವಿದ್ದರೂ ಅಷ್ಟೆ. ಇನ್ನೊಂದು ಮುಖ್ಯ ಮಾತು: ಶುಲ್ಕ ಮುಂದಕ್ಕೆ ಹೋಗುತ್ತದೆಯೇ ಹೊರತು ಮಾಫಿಯಾಗುವುದಿಲ್ಲ. ಗೆದ್ದರೆ, ನ್ಯಾಯಾಲಯ ಸೂಚಿಸಿದ ಪಕ್ಷದಿಂದ ಸರ್ಕಾರ ಅದನ್ನು ವಸೂಲು ಮಾಡುತ್ತದೆ. ದಾವೆಯ ಆಸ್ತಿಯ ಮೇಲೆ ಅದೇ ಮೊದಲ ಹೊಣೆ. ಸೋತರೆ ವಾದಿಯೇ ಕಟ್ಟುವಂತೆ ಆದೇಶವಾಗುತ್ತದೆ.

ಸರ್ವೋಚ್ಚ ನ್ಯಾಯಾಲಯದ ಮಾತು

ಹರಿಯಾಣದಲ್ಲಿ ರಾಜ್ಯ ಸಾರಿಗೆಯ ಬಸ್ಸಿಗೆ ಸಿಕ್ಕಿ ಮನೆಯ ದುಡಿಯುವ ವ್ಯಕ್ತಿ ಸತ್ತಾಗ, ಅವನ ಹೆಂಡತಿ ಮತ್ತು ಮಗಳು ಪರಿಹಾರ ಕೇಳಿದರು. ಶುಲ್ಕಕ್ಕೆ ಹಣವಿರಲಿಲ್ಲ. ಅಪಘಾತ ಪರಿಹಾರದ ನ್ಯಾಯಮಂಡಳಿಗೆ 33ನೇ ಆದೇಶ ಅನ್ವಯಿಸದೆಂದು ಸರ್ಕಾರವೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ವಾದವನ್ನು ಒಪ್ಪಲಿಲ್ಲ. ಮುಂದೆ 2001ರಲ್ಲಿ, ಶುಲ್ಕ ಕಟ್ಟಲಾಗದ ಕಂಪನಿಯೂ ಈ ಸೌಲಭ್ಯ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು.

ಇನ್ನೊಂದು ಬಾಗಿಲು

1976ರಲ್ಲಿ ಸಂವಿಧಾನಕ್ಕೆ ಸೇರಿದ 39-ಎ ಅನುಚ್ಛೇದವು ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆನ್ನುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಂದು ಜಾರಿಗೆ ಬಂತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರಿಗೆ ಆದಾಯ ನೋಡದೆ ನೆರವು ಸಿಗುತ್ತದೆ. ವಕೀಲರ ಜೊತೆಗೆ ಕೋರ್ಟು ಫೀಯ ಭಾರವೂ ಇದರಲ್ಲಿ ಸೇರಿದೆ. ಆದ್ದರಿಂದ ನಮ್ಮ ಹೆಣ್ಣುಮಗಳು ಮೊದಲು ಹೋಗಬೇಕಾದದ್ದು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ. ಸಹಾಯವಾಣಿ ಸಂಖ್ಯೆ 15100.

ನಿಮ್ಮ ನೆರೆಯಲ್ಲಿ “ಕೋರ್ಟಿಗೆ ಹೋಗಲು ದುಡ್ಡೆಲ್ಲಿದೆ?” ಎಂದು ಸುಮ್ಮನಾದವರು ಇದ್ದಾರೆಯೇ? ಅವರಿಗೆ ಈ ಎರಡು ದಾರಿಗಳನ್ನೂ ತಿಳಿಸಿ. ತಡಮಾಡದೆ ತಿಳಿಸಿ, ಏಕೆಂದರೆ ದಾವೆಗೆ ಕಾಲಮಿತಿ ಬಡವರಿಗೂ ಒಂದೇ.