ದಂತ ಇಂಪ್ಲಾಂಟ್ ನಂತರದ ದೀರ್ಘಕಾಲಿಕ ನರನೋವು: ಗ್ರಾಹಕರಿಗೆ ಮಾಹಿತಿ

ಕೆಳದವಡೆಯ ಮೂಳೆಯೊಳಗಿನ ನಾಳದಲ್ಲಿ ಸಾಗುವ ನರವು ಕೆಳಗಿನ ಹಲ್ಲುಗಳು, ಕೆಳತುಟಿ ಹಾಗೂ ಗಲ್ಲಕ್ಕೆ ಸ್ಪರ್ಶಜ್ಞಾನವನ್ನು ಒದಗಿಸುತ್ತದೆ. ಮೂಳೆ ಕೊರೆಯುವಾಗ ಈ ನರಕ್ಕೆ ಪೆಟ್ಟಾದಲ್ಲಿ ಅಥವಾ ಇಂಪ್ಲಾಂಟ್ ಅದನ್ನು ಒತ್ತಿದಲ್ಲಿ ಜೋಮು, ಉರಿ, ವಿದ್ಯುತ್ ತಗುಲಿದಂತಹ ನೋವು ಉಂಟಾಗಬಹುದು. ಆದುದರಿಂದ ನರನಾಳದಿಂದ ಸಾಮಾನ್ಯವಾಗಿ ಕನಿಷ್ಠ 2 ಮಿ.ಮೀ. ಅಂತರ ಕಾಯ್ದುಕೊಳ್ಳಲಾಗುತ್ತದೆ. 3 ತಿಂಗಳು ಮೀರಿದ ನೋವನ್ನು ದೀರ್ಘಕಾಲಿಕವೆಂದು ಪರಿಗಣಿಸಲಾಗುತ್ತದೆ.

ತಕ್ಷಣದ ಕ್ರಮ

ಅರಿವಳಿಕೆ ಇಳಿಯಬೇಕಾದ ಅವಧಿ ಕಳೆದ ನಂತರವೂ ತುಟಿಯ ಜೋಮು ಉಳಿದಲ್ಲಿ ಅದೇ ದಿನ ದಂತವೈದ್ಯರಿಗೆ ತಿಳಿಸತಕ್ಕದ್ದು. ನರವನ್ನು ಒತ್ತುತ್ತಿರುವ ಇಂಪ್ಲಾಂಟನ್ನು ಮೊದಲ 24ರಿಂದ 36 ಗಂಟೆಗಳೊಳಗೆ ತೆಗೆದಲ್ಲಿ ಚೇತರಿಕೆಯ ಸಾಧ್ಯತೆ ಹೆಚ್ಚು. ವಿಳಂಬವಾದಲ್ಲಿ ಇಂಪ್ಲಾಂಟ್ ತೆಗೆದರೂ ನೋವು ಉಳಿಯಬಹುದು. ಇಂತಹ ನೋವಿಗೆ ಸಾಮಾನ್ಯ ನೋವುನಿವಾರಕ ಮಾತ್ರೆಗಳು ಅಷ್ಟಾಗಿ ಫಲಿಸುವುದಿಲ್ಲ. ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್ ಮುಂತಾದ ಔಷಧಗಳನ್ನು ತಜ್ಞರ ಸಲಹೆಯಂತೆ ಮಾತ್ರ ಸೇವಿಸತಕ್ಕದ್ದು.

ದೂರು ಸಲ್ಲಿಕೆ

ಹಣ ಪಾವತಿಸಿ ಚಿಕಿತ್ಸೆ ಪಡೆದವರು ಸೇವಾ ನ್ಯೂನತೆಯ ಬಗ್ಗೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿನ ಕಾರಣ ಉದ್ಭವಿಸಿದ ದಿನದಿಂದ 2 ವರ್ಷ ಕಾಲಮಿತಿ ಇರುತ್ತದೆ. ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ.

ಲಗತ್ತಿಸಬೇಕಾದ ದಾಖಲೆಗಳು

1. ಹಣ ಪಾವತಿಯ ರಸೀದಿಗಳು
2. ಶಸ್ತ್ರಚಿಕಿತ್ಸೆಗೆ ಮುಂಚಿನ ಹಾಗೂ ನಂತರದ ಎಕ್ಸ್‌ರೇ, ಸ್ಕ್ಯಾನ್
3. ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ
4. ಜೋಮು, ನೋವನ್ನು ವೈದ್ಯರಿಗೆ ತಿಳಿಸಿದ ದಿನಾಂಕಗಳ ವಿವರ
5. ಬೇರೊಬ್ಬ ತಜ್ಞರ ಅಭಿಪ್ರಾಯ

ಸೂಚನೆ: ನೋವು ಉಂಟಾದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಮುಂಚಿತವಾಗಿ ತಪಾಸಣೆ ನಡೆಸಲಾಗಿತ್ತೇ, ಅಪಾಯವನ್ನು ವಿವರಿಸಲಾಗಿತ್ತೇ, ತೊಂದರೆ ತಿಳಿಸಿದಾಗ ಕ್ರಮ ಕೈಗೊಳ್ಳಲಾಯಿತೇ ಎಂಬ ಅಂಶಗಳು ಮುಖ್ಯವಾಗುವುದರಿಂದ ಮೂಲ ದಾಖಲೆಗಳನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.