ಸುತ್ತಿಗೆ ಹುಡುಕಲು ಹೋದವರಿಗೆ ಸಿಕ್ಕ ಹೆಸರುಗಳು

ಕಳೆದದ್ದು ಒಂದು ಸುತ್ತಿಗೆ. ಸಿಕ್ಕಿದ್ದು ಒಂದು ಸಾಮ್ರಾಜ್ಯದ ಮುಸ್ಸಂಜೆ!

1992ರ ನವೆಂಬರ್ 16. ಇಂಗ್ಲೆಂಡಿನ ಸಫೋಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿ. ರೈತ ಪೀಟರ್ ವಾಟ್ಲಿಂಗ್ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡಿದ್ದರು. ಅದನ್ನು ಹುಡುಕಿಕೊಡಲು ಗೆಳೆಯ ಎರಿಕ್ ಲಾಸ್ ಲೋಹಶೋಧಕ ಹಿಡಿದು ಬಂದರು. ಯಂತ್ರ ಕೂಗಿತು. ಅಗೆದರೆ ಬೆಳ್ಳಿ ಚಮಚ, ಚಿನ್ನದ ಸರ, ನಾಣ್ಯದ ಮೇಲೆ ನಾಣ್ಯ! ಲಾಸ್ ಪುಣ್ಯಾತ್ಮರು. ಪೂರ್ತಿ ಬಗೆಯದೆ ಗುದ್ದಲಿ ಕೆಳಗಿಟ್ಟು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಪುರಾತತ್ತ್ವಜ್ಞರು ಬಂದು ನಿಧಿಯನ್ನು ಮಣ್ಣಿನ ಹೆಂಟೆಗಳ ಸಮೇತ ಎತ್ತಿದರು. ಹಾಗಾಗಿಯೇ, ಕೊಳೆತುಹೋದ ಓಕ್ ಪೆಟ್ಟಿಗೆಯೊಳಗೆ ಯಾವುದು ಎಲ್ಲಿತ್ತೆಂದು ಇವತ್ತಿಗೂ ಹೇಳಬಹುದು. ಉಜ್ಜಿ ಗೀರು ಬೀಳದಿರಲೆಂದು ಯಾರೋ ಎಷ್ಟು ಜೋಪಾನವಾಗಿ ನಡುವೆ ಹುಲ್ಲು, ಬಟ್ಟೆ ಇಟ್ಟಿದ್ದರು!

ಸುಮಾರು 15,000 ರೋಮನ್ ನಾಣ್ಯಗಳು. ತೀರಾ ಈಚಿನವು ಕ್ರಿ.ಶ. 407–408ರವು. ಬ್ರಿಟನ್ನಿನಲ್ಲಿ ರೋಮನ್ ಆಡಳಿತ ಕುಸಿಯುತ್ತಿದ್ದ ಹೊತ್ತು ಅದು. ಮರಳಿ ಬರುವೆವೆಂಬ ನಂಬಿಕೆಯಲ್ಲಿ ಹೂತವರು ಮರಳಲೇ ಇಲ್ಲ.

ಯಾರವರು? ಚಮಚಗಳನ್ನು ತೊಳೆದಾಗ ಅಕ್ಷರಗಳು ಮೂಡಿದವು. ಒಂದಲ್ಲ, ಎರಡಲ್ಲ, ಹತ್ತು ಚಮಚಗಳ ಮೇಲೆ ಒಂದೇ ಹೆಸರು: ಔರೆಲಿಯಸ್ ಉರ್ಸಿಕಿನಸ್! ಚರಿತ್ರೆಯ ಪುಟಗಳಲ್ಲಿ ಆತನನ್ನು ಗುರುತಿಸಲು ಯಾರಿಗೂ ಆಗಿಲ್ಲ. ಆತ ಉಳಿದಿರುವುದು ಈ ಚಮಚಗಳ ಮೇಲೆ ಮಾತ್ರ. ಇನ್ನು, ಒಂದು ಚಿನ್ನದ ಕಡಗದಲ್ಲಿ ಜಾಲರಿಯಂತೆ ಕೊರೆದ ಹಾರೈಕೆ: ‘ಒಡತಿ ಜೂಲಿಯಾನಾ, ಇದನ್ನು ತೊಟ್ಟು ಸುಖವಾಗಿರು.’ ಹದಿನಾರು ಶತಮಾನ ಮಣ್ಣಲ್ಲಿದ್ದೂ ಆ ಹಾರೈಕೆ ಮಾಸಿಲ್ಲ!

ಮೈ ನವಿರೇಳಿಸುವುದು ಮತ್ತೊಂದಿದೆ. ಸಿರಿವಂತ ಹೆಣ್ಣಿನ ರೂಪದ ಪುಟ್ಟ ಬೆಳ್ಳಿ ಬೊಂಬೆ, ಒಳಗೆ ಟೊಳ್ಳು. ತಳದ ಬಿಲ್ಲೆ ತಿರುಗಿಸಿದರೆ ಒಮ್ಮೆ ತುಂಬಲು ತೆರೆಯುತ್ತದೆ, ಒಮ್ಮೆ ಉದುರಿಸಲು ಸಣ್ಣ ತೂತುಗಳು ಕಾಣುತ್ತವೆ, ಒಮ್ಮೆ ಮುಚ್ಚಿಕೊಳ್ಳುತ್ತದೆ. ಅದು ಕರಿಮೆಣಸಿನ ಡಬ್ಬಿ! ರೋಮನ್ನರ ಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿಗಳದ್ದು. ಮಲಬಾರಿನ ರೇವುಗಳಲ್ಲಿ ಹಡಗೇರಿ ಹೋದದ್ದು. ನಮ್ಮ ಸಾರಿನ ಘಮ ಆ ದೂರದ ಊಟದ ಮನೆಯಲ್ಲೂ ಇತ್ತು.

ಲಾಸ್ ತಮಗೆ ಈ ನಿಧಿಗಾಗಿ ಬಹುಮಾನವಾಗಿ ಸಂದ 17.5 ಲಕ್ಷ ಪೌಂಡನ್ನು ವಾಟ್ಲಿಂಗ್ ಜತೆ ಹಂಚಿಕೊಂಡರು. ನಿಧಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಳೆದಿದ್ದ ಸುತ್ತಿಗೆಯೂ ಸಿಕ್ಕಿತು. ಅದೂ ಅಲ್ಲಿಗೇ ಸೇರಿತು!

ಪಾತ್ರೆಗೆ ಹೆಸರು ಹಾಕಿಸುವ ರೂಢಿ ನಮ್ಮದೂ ಹೌದಲ್ಲವೇ? ಅಜ್ಜಿಯ ಬೆಳ್ಳಿ ಲೋಟ, ಮದುವೆಯಲ್ಲಿ ಬಂದ ಪಂಚಪಾತ್ರೆ, ಕುಂಕುಮದ ಭರಣಿಯ ತಳದಲ್ಲಿ ಸವೆದ ಅಕ್ಷರಗಳಿರುತ್ತವೆ. ಹಳೆಯದನ್ನು ಹಾಕಿ ಹೊಸದನ್ನು ತರುವ ಮುನ್ನ ಆ ಹೆಸರನ್ನೊಮ್ಮೆ ಓದಿ, ಅವರು ಯಾರೆಂದು ಹಿರಿಯರನ್ನು ಕೇಳಿ ಬರೆದಿಡಿ. ಬೆಳ್ಳಿ ಕರಗಿದರೆ ಮತ್ತೆ ಬೆಳ್ಳಿಯೇ ಸಿಗುತ್ತದೆ. ಹೆಸರು ಕರಗಿದರೆ ಏನೂ ಸಿಗುವುದಿಲ್ಲ.