ಸ್ವರ್ಣಲೇಪಿತ ವಾಕ್‌ಮನ್ನೂ ಸಾಮಾನ್ಯನ ಕಿವಿಯೂ

2016ರಲ್ಲಿ ಜಪಾನಿನ ಸೋನಿ ಸಂಸ್ಥೆಯವರು ಹೊರತಂದ ವಾಕ್‌ಮನ್ನುಗಳಲ್ಲಿ ಒಂದಕ್ಕೆ ಎನ್‌ಡಬ್ಲ್ಯೂ-ಡಬ್ಲ್ಯೂಎಂ1ಝಡ್ ಎಂದು ಹೆಸರು. ಹೆಸರನ್ನು ಹೇಳಿ ಮುಗಿಸುವುದರೊಳಗೆ ಒಂದು ಪಲ್ಲವಿಯನ್ನೇ ಹಾಡಿ ಮುಗಿಸಬಹುದೆಂಬ ಮಾತು ಹಾಗಿರಲಿ. ಅದರ ಒಡಲು ಆಮ್ಲಜನಕದ ಅಂಶವನ್ನು ನೀಗಿದ ಶುದ್ಧ ತಾಮ್ರದ ಗಟ್ಟಿಯಿಂದ ಕಡೆದು ತೆಗೆದದ್ದು, ಆ ತಾಮ್ರದ ಮೇಲೆ ಚಿನ್ನದ ಲೇಪ, ತೂಕ ಅರ್ಧ ಕಿಲೋಗ್ರಾಮಿಗೆ ತುಸುವೇ ಕಡಮೆ, ಬೆಲೆ ಅಮೆರಿಕದಲ್ಲಿ ಸುಮಾರು 3,200 ಡಾಲರು, ಎಂದರೆ ಅಂದಿನ ಲೆಕ್ಕದಲ್ಲಿಯೇ ಎರಡು ಲಕ್ಷ ರೂಪಾಯಿಗಳನ್ನು ಮೀರಿದ್ದು. ತಾಮ್ರದ ವಿದ್ಯುತ್‌ನಿರೋಧವು ಅತ್ಯಲ್ಪವಾದುದರಿಂದ ನಾದವು ಹೆಚ್ಚು ನಿರ್ಮಲವಾಗುತ್ತದೆಂಬುದು ತಯಾರಕರ ವಾದ. ಇಂಥ ಒಡವೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುವ ಪುಣ್ಯವಂತರು ಯಾರೋ ಎಂದು ನಾವು ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಅದೇ ವಂಶದ ಕಿರಿಯ ಯಂತ್ರಗಳು, 2023ರಲ್ಲಿ ನಮ್ಮ ದೇಶಕ್ಕೆ ಬಂದಾಗ ಒಂದಕ್ಕೆ ಸುಮಾರು 70,000 ರೂಪಾಯಿ, ಇನ್ನೊಂದಕ್ಕೆ ಸುಮಾರು 26,000 ರೂಪಾಯಿ ಎಂಬ ಬೆಲೆ ಹೊತ್ತು ಬಂದುದರಿಂದ, ತಿಂಗಳ ಸಂಬಳದ ಮನುಷ್ಯನೂ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ತನ್ನನ್ನೇ ಪ್ರಶ್ನಿಸಿಕೊಳ್ಳಬೇಕಾದ ಪ್ರಸಂಗವೊದಗಿದೆ: ಕೈಯಲ್ಲಿರುವ ಮೊಬೈಲು ಹಾಡುತ್ತಿರುವಾಗ ಇನ್ನೊಂದು ಯಂತ್ರವೇಕೆ?

ಈ ಪ್ರಶ್ನೆ ವಾಕ್‌ಮನ್ನಿನಷ್ಟೇ ಹಳೆಯದು. ದೂರದ ವಿಮಾನಪ್ರಯಾಣಗಳಲ್ಲಿ ಸಂಗೀತ ಕೇಳಬೇಕೆಂಬ, ಸೋನಿಯ ಸ್ಥಾಪಕರಲ್ಲೊಬ್ಬರಾದ ಮಸಾರು ಇಬುಕಾ ಅವರ ಅಪೇಕ್ಷೆಯನ್ನು ಪೂರೈಸುವುದಕ್ಕಾಗಿ, ಪತ್ರಕರ್ತರು ಬಳಸುತ್ತಿದ್ದ ಪುಟ್ಟ ಟೇಪ್‌ರೆಕಾರ್ಡರೊಂದರಿಂದ ಧ್ವನಿಮುದ್ರಣದ ಅಂಗವನ್ನೇ ಕಿತ್ತುಹಾಕಿ ಸಿದ್ಧಪಡಿಸಿದ ಮೊದಲ ವಾಕ್‌ಮನ್ 1979ರ ಜುಲೈ 1ರಂದು 33,000 ಯೆನ್ ಬೆಲೆಗೆ ಮಾರಾಟಕ್ಕೆ ಬಂದಾಗ, ರೆಕಾರ್ಡು ಮಾಡಲಾರದ ಯಂತ್ರವನ್ನು ಯಾರು ಕೊಂಡಾರು ಎಂದು ಬಲ್ಲವರು ಮೂಗು ಮುರಿದರು. ಸೋನಿಯ ಇನ್ನೊಬ್ಬ ಸ್ಥಾಪಕರಾದ ಅಕಿಯೋ ಮೊರಿಟಾ ಅವರಿಗಂತೂ, ಒಬ್ಬನೇ ಕುಳಿತು ಸಂಗೀತ ಕೇಳುವುದು ಜೊತೆಯಲ್ಲಿರುವವರಿಗೆ ಅಗೌರವವಾದೀತೆಂಬ ಸಂಕೋಚವಿತ್ತು. ಆದುದರಿಂದ ಆ ಮೊದಲ ಯಂತ್ರದಲ್ಲಿ ಇಬ್ಬರು ಕೇಳುವಂತೆ ಎರಡು ಹೆಡ್‌ಫೋನು ರಂಧ್ರಗಳಿದ್ದುವು. ಆದರೆ ಲೋಕಕ್ಕೆ ಬೇಕಾಗಿದ್ದುದು ಆ ಏಕಾಂತವೇ ಎಂದು ತಿಳಿಯಲು ತಡವಾಗಲಿಲ್ಲ. ಮುಂದೆ 2001ರಲ್ಲಿ ಐಪಾಡ್ ಬಂದಿತು. ಅನಂತರ ಅದನ್ನು ಹೆತ್ತ ಕಂಪನಿಯ ಫೋನೇ ಅದನ್ನು ನುಂಗಿ, 2022ರಲ್ಲಿ ಐಪಾಡಿನ ತಯಾರಿಕೆ ನಿಂತಿತು. ಎಲ್ಲರ ಕೈಯ ವಸ್ತುವಾಗಿದ್ದುದು ಅಳಿದುಹೋದ ಬಳಿಕ ಉಳಿದುಕೊಂಡದ್ದು ಬಹುಮಟ್ಟಿಗೆ ದುಬಾರಿಯ ಯಂತ್ರ. ಅವಶ್ಯಕತೆಯ ಹೆಸರನ್ನು ಹೇಳಲಾರದೆ ಅದು ಶುದ್ಧನಾದದ ಹೆಸರನ್ನು ಹೇಳಿಕೊಂಡು ಬಾಳಬೇಕಾಗಿದೆ.

ಆ ಶುದ್ಧನಾದವನ್ನು ಸ್ವಲ್ಪ ಸಮೀಪದಿಂದ ನೋಡೋಣ. ಯಂತ್ರದ ಉದರದಲ್ಲಿ ಸಂಗೀತವು ಅಂಕಿಗಳ ರೂಪದಲ್ಲಿರುತ್ತದೆ. ಆ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಪರಿವರ್ತಿಸತಕ್ಕ ಭಾಗಕ್ಕೆ ಬಳಕೆಯವರು ಡ್ಯಾಕ್ ಎನ್ನುತ್ತಾರೆ. ಆ ಅಲೆಗೆ ಬಲವನ್ನು ತುಂಬತಕ್ಕದ್ದು ಆಂಪ್ಲಿಫೈಯರು. ಕೊನೆಗೆ ಅಲೆಯನ್ನು ಗಾಳಿಯ ಕಂಪನವಾಗಿಸಿ ಕಿವಿಗೆ ತಲಪಿಸುವುದು ಇಯರ್‌ಫೋನು. 1982ರಲ್ಲಿ ಪೇಟೆಗೆ ಬಂದ ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ, ಪ್ರತಿ ಸಲವೂ 16 ಬಿಟ್ಟುಗಳ ಅಳತೆಯಲ್ಲಿ ನಾದವನ್ನು ಗುರುತಿಸಿಡುತ್ತಾರೆ. ಸೆಕೆಂಡಿಗೆ 22,000 ಕಂಪನಗಳವರೆಗಿನ ಸಮಸ್ತ ಸ್ವರಗಳನ್ನೂ ಲೋಪವಿಲ್ಲದೆ ಮರಳಿ ಕಟ್ಟುವುದಕ್ಕೆ ಇಷ್ಟು ಸಾಕು. ಎಳೆಯ ಮಗುವಿನ ಕಿವಿಯೂ 20,000ದ ಆಚೆಗೆ ಹೋಗಲಾರದು, ನಡುವಯಸ್ಸು ದಾಟಿದವರ ಕಿವಿಯಂತೂ ಅದಕ್ಕಿಂತ ಬಹಳ ಈಚೆಗೇ ನಿಂತುಬಿಡುತ್ತದೆ. ದುಬಾರಿಯ ಯಂತ್ರಗಳ ಪೆಟ್ಟಿಗೆಯ ಮೇಲೆ ಹೆಮ್ಮೆಯಿಂದ ಅಚ್ಚೊತ್ತಿರುವ 24 ಬಿಟ್ಟು, 192 ಕಿಲೋಹರ್ಟ್ಸ್ ಮೊದಲಾದ ಸಂಖ್ಯೆಗಳು ಧ್ವನಿಮುದ್ರಣಶಾಲೆಯಲ್ಲಿ ಕೆಲಸ ಮಾಡುವವರಿಗೆ ಉಪಕಾರಿಗಳು, ಸಂದೇಹವಿಲ್ಲ. ಆದರೆ ಮುಗಿದ ಹಾಡನ್ನು ಕೇಳುವವನಿಗೆ ಅವುಗಳಿಂದ ಲಭಿಸುವುದೇನು ಎಂಬುದೇ ವಿವಾದದ ವಿಷಯ.

ಈ ವಿವಾದವನ್ನು ಒರೆಗೆ ಹಚ್ಚಿದವರಿದ್ದಾರೆ. ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಉನ್ನತ ದರ್ಜೆಯ ಧ್ವನಿಮುದ್ರಿಕೆಗಳನ್ನು ನುಡಿಸಿ, ಕೇಳುಗರಿಗೆ ತಿಳಿಸದೆಯೇ ಒಮ್ಮೊಮ್ಮೆ ಅವನ್ನು ಸಿ.ಡಿ.ಯ ಅಳತೆಗೆ ಇಳಿಸಿ, ಈಗ ಕೇಳಿದ್ದು ಯಾವುದೆಂದು ಹೇಳಿಸಿದರು. ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ 2007ರಲ್ಲಿ ಪ್ರಕಟವಾದ ಅವರ ವರದಿಯ ಮೇರೆಗೆ, ಐನೂರಕ್ಕೂ ಮೀರಿದ ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು ಅರ್ಧಕ್ಕರ್ಧ ಮಾತ್ರ. ನಾಣ್ಯವನ್ನು ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಒಂಬತ್ತು ವರ್ಷಗಳ ಬಳಿಕ ಲಂಡನ್ನಿನ ಜೋಷುವಾ ರೀಸ್ ಎಂಬ ವಿದ್ವಾಂಸರು ಇಂಥ ಹದಿನೆಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ, ಭೇದವನ್ನು ಗುರುತಿಸುವ ಶಕ್ತಿ ಮನುಷ್ಯನಿಗೆ ಕಿಂಚಿತ್ತಾಗಿ ಇದ್ದೇ ಇದೆ, ತರಬೇತಿ ಪಡೆದವರಲ್ಲಿ ಗಮನಾರ್ಹವಾಗಿ ಹೆಚ್ಚು, ಎಂದು ಕಂಡುಕೊಂಡರು. ಆದರೆ ಆ ಕಿಂಚಿತ್ತು ಎಷ್ಟೆಂದರೆ, ಒಟ್ಟಾರೆ ಸರಿಯುತ್ತರ ಶೇಕಡ 52ರ ಆಸುಪಾಸಿನಲ್ಲಿತ್ತು. ನೂರಕ್ಕೆ ಎರಡರ ಈ ಮಿಗತೆಗಾಗಿ ಎಪ್ಪತ್ತು ಸಾವಿರ ತೆರುವುದು ಅವರವರ ಚಿತ್ತಕ್ಕೆ ಬಿಟ್ಟದ್ದು, ನಾನಾದರೆ ತೆರಲಾರೆ.

ಡ್ಯಾಕ್ ಎಂಬ ಭಾಗವೂ ಈಗ ಅಗ್ಗದಲ್ಲಿಯೇ ನಿರ್ದೋಷವಾಗಿದೆ. ಆಪಲ್ ಕಂಪನಿ 2016ರ ಐಫೋನಿನಿಂದ ಹೆಡ್‌ಫೋನು ರಂಧ್ರವನ್ನು ತೆಗೆದುಹಾಕಿ, ಅದರ ಬದಲಿಗೆ ಬೆರಳುದ್ದದ ಬಿಳಿಯ ತಂತಿಯೊಂದನ್ನು ಕೊಟ್ಟಿತಷ್ಟೆ. ಅದರ ತುದಿಯಲ್ಲಿ, ನೆಲಗಡಲೆಯಷ್ಟು ಜಾಗದಲ್ಲಿ, ಡ್ಯಾಕೂ ಇದೆ, ಆಂಪ್ಲಿಫೈಯರೂ ಇದೆ. ಬಿಡಿಯಾಗಿ ಕೊಂಡರೆ ಸುಮಾರು ಸಾವಿರ ರೂಪಾಯಿ. ಉಪಕರಣವಿಟ್ಟು ಅಳೆದವರು ಅದರ ವಿಕೃತಿಯೂ ಗದ್ದಲವೂ ಕಿವಿಗೆ ಎಟುಕದಷ್ಟು ಕೆಳಗಿವೆಯೆಂದು ಕಂಡಿದ್ದಾರೆ.

ಹಾಗಾದರೆ ಅಂಗಡಿಯಲ್ಲಿ ದುಬಾರಿಯ ಯಂತ್ರಕ್ಕೆ ಕಿವಿಗೊಟ್ಟೊಡನೆಯೇ ಮೈಯೆಲ್ಲ ಜುಮ್ಮೆನ್ನುವುದೇಕೆ? ಇದಕ್ಕೆ ಬಹುಮಟ್ಟಿಗೆ ಕಾರಣ ಸದ್ದಿನ ಪ್ರಮಾಣ. ಸದ್ದು ತಗ್ಗಿದಂತೆ ಕೆಳಸ್ಥಾಯಿಯ ನಾದಗಳು ನಮ್ಮ ಕಿವಿಗೆ ಮೊದಲು ಕುಗ್ಗುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಎರಡು ಯಂತ್ರಗಳಲ್ಲಿ ಒಂದು ಅತ್ಯಲ್ಪವಾಗಿ ಜೋರಾಗಿದ್ದರೂ ಸಾಕು, ಅದು ಜೋರಾಗಿದೆಯೆಂದು ನಮಗೆ ತೋರುವುದಿಲ್ಲ. ಅದು ತುಂಬಿಕೊಂಡಿದೆ, ಅದರಲ್ಲಿ ಜೀವವಿದೆ ಎಂದು ತೋರುತ್ತದೆ. ಆದುದರಿಂದ ಪರೀಕ್ಷೆ ಮಾಡಲೆಳಸುವವನು ತನ್ನದೇ ಇಯರ್‌ಫೋನನ್ನೂ ತನಗೆ ಕಂಠಪಾಠವಾಗಿರುವ ಹಾಡನ್ನೂ ಒಯ್ದು, ಎರಡು ಯಂತ್ರಗಳ ಸದ್ದನ್ನು ಸಾಧ್ಯವಾದಷ್ಟೂ ಸಮವಾಗಿಸಿ, ಕಣ್ಣು ಮುಚ್ಚಿ ಕುಳಿತು, ಯಾವುದನ್ನು ನುಡಿಸಬೇಕೆಂಬುದನ್ನು ಜೊತೆಗೆ ಬಂದ ಸ್ನೇಹಿತನ ಮರ್ಜಿಗೆ ಬಿಡಬೇಕು. ಹತ್ತು ಸಲದಲ್ಲಿ ಒಂಬತ್ತು ಸಲ ಸರಿಯಾಗಿ ಹೇಳಿದನೋ, ಅವನ ಕಿವಿಗೆ ನಮಸ್ಕಾರ, ಯಂತ್ರವನ್ನು ಕೊಳ್ಳಲಿ. ಐದಾರು ಸಲವಾದರೆ ಅಂಗಡಿಯವನಿಗೊಂದು ನಮಸ್ಕಾರ ಹೇಳಿ ಮೆಟ್ಟಿಲಿಳಿಯಬಹುದು.

ನಿಜವಾದ ಅಂತರವಿರುವುದು ಇಯರ್‌ಫೋನಿನಲ್ಲಿ. ಇಲ್ಲಿ ಸಂಖ್ಯಾಶಾಸ್ತ್ರವೂ ಬೇಡ, ಕಣ್ಣು ಮುಚ್ಚುವುದೂ ಬೇಡ. ಕರ್ನಾಟಕ ಸಂಗೀತದ ಕಛೇರಿಯೊಂದರ ಒಳ್ಳೆಯ ಮುದ್ರಿಕೆಯನ್ನು ಮೊಬೈಲಿನೊಡನೆ ಬಂದ ಅಗ್ಗದ ಇಯರ್‌ಫೋನಿನಲ್ಲಿ ಕೇಳಿದರೆ ಮೃದಂಗದ ಬಲಮುಖದ ಟಣತ್ಕಾರವಷ್ಟೇ ಕೇಳಿಸಿ, ರವೆಯ ಲೇಪ ಹಚ್ಚಿದ ಎಡಮುಖದ ಗುಂಕಾರವು ಮರದ ಹಲಗೆಯನ್ನು ತಟ್ಟಿದಂತೆ ಮೊಂಡಾಗಿಬಿಡುತ್ತದೆ. ಗಾಯಕರು ಉಸಿರೆಳೆದುಕೊಳ್ಳುವ ಎಡೆಯಲ್ಲಿ ಮೇಲೆದ್ದು ತೋರಬೇಕಾದ ತಂಬೂರಿಯ ಜೀವಾಳದ ಝೇಂಕಾರವು ಒಂದು ಬಗೆಯ ಮುಲುಕಾಟವಾಗುತ್ತದೆ. ಅದೇ ಮೊಬೈಲಿಗೆ, ಕಿವಿಯ ರಂಧ್ರವನ್ನು ಸರಿಯಾಗಿ ಮುಚ್ಚುವಂಥ ಮೂರು ನಾಲ್ಕು ಸಾವಿರ ರೂಪಾಯಿಯ ಇಯರ್‌ಫೋನನ್ನು ಸಿಕ್ಕಿಸಿದರೆ, ಎಡಗೈಯ ಅಂಗೈ ಚರ್ಮದ ಮೇಲೆ ಒತ್ತಿ ಜಾರಿ ಗುಮಕಿಯೆಬ್ಬಿಸುವುದು ಕಣ್ಣಿಗೆ ಕಟ್ಟುತ್ತದೆ. ಎಪ್ಪತ್ತು ಸಾವಿರದ ಯಂತ್ರಕ್ಕೆ ಏಳುನೂರರ ಇಯರ್‌ಫೋನು ಹಾಕಿದವರುಂಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬುದು ಅವರ ವಿಷಯದಲ್ಲಿ ಅಕ್ಷರಶಃ ಸತ್ಯ. ಮುಚ್ಚುವಿಕೆ ಸರಿಯಾಗಿದ್ದರೆ ಇನ್ನೊಂದು ಪ್ರಯೋಜನವೂ ಉಂಟು. ಬಸ್ಸಿನ ಗದ್ದಲವನ್ನು ಗೆಲ್ಲಲು ಸದ್ದನ್ನು ಏರಿಸಬೇಕಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಲ್ಲಿ 80 ಡೆಸಿಬೆಲ್ಲಿನ ಸದ್ದನ್ನು ವಾರಕ್ಕೆ ನಲವತ್ತು ಗಂಟೆ ಕೇಳಬಹುದು, 90ಕ್ಕೇರಿಸಿದರೆ ನಾಲ್ಕೇ ಗಂಟೆ.

ಮುದ್ರಿಕೆಯೂ ವಿಚಾರಣೀಯ. ಮಲ್ಲಿಕಾರ್ಜುನ ಮನ್ಸೂರರು ಮೂವತ್ತರ ದಶಕದಲ್ಲಿ ಎಚ್.ಎಂ.ವಿ.ಗೆ ಹಾಡಿದ 78 ಆವರ್ತನೆಯ ತಟ್ಟೆಗಳನ್ನು ಹುಡುಕಿ ಕೇಳುವ ರಸಿಕನಿಗೆ, ಮುಖವೊಂದಕ್ಕೆ ಮೂರು ಚಿಲ್ಲರೆ ನಿಮಿಷಗಳ ಆ ಅರಗಿನ ತಟ್ಟೆಗಳಲ್ಲಿ ಇಲ್ಲದ ಸ್ವರವನ್ನು ಯಾವ ತಾಮ್ರವೂ ಯಾವ ಚಿನ್ನವೂ ತಂದುಕೊಡಲಾರವು. ಮುಳ್ಳು ಕೆರೆದ ಸದ್ದನ್ನು ಮಾತ್ರ ಬಹು ನಿಷ್ಠೆಯಿಂದ ಒಪ್ಪಿಸಿಯಾವು. ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಭಾವಗೀತೆಗಳ ಪಾಡೂ ಇದೇ. ನಮ್ಮಲ್ಲಿ ಅನೇಕರ ಸಂಗ್ರಹದ ಮುಕ್ಕಾಲು ಪಾಲು ಇಂಥದೇ ಆಗಿರುವಾಗ, ಕೊಳ್ಳುವ ಮೊದಲು ತನ್ನ ಬಳಿ ಇರುವ ಹಾಡುಗಳ ಪಟ್ಟಿಯನ್ನೊಮ್ಮೆ ತಿರುವಿಹಾಕುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೂ ಪ್ರತ್ಯೇಕ ಯಂತ್ರದ ಪರವಾಗಿ ಎರಡು ನ್ಯಾಯವಾದ ಮಾತುಗಳು ಉಳಿಯುತ್ತವೆ. ಒಂದನೆಯದು ತಾಂತ್ರಿಕ: ಸೆನ್‌ಹೈಸರ್ ಕಂಪನಿಯ ಎಚ್‌ಡಿ 600ರಂಥ, 300 ಓಮುಗಳ ನಿರೋಧವುಳ್ಳ ದೊಡ್ಡ ಹೆಡ್‌ಫೋನುಗಳನ್ನು ಮೊಬೈಲು ಸಾಮಾನ್ಯವಾಗಿ ತೃಪ್ತಿಕರವಾಗಿ ನಡೆಸಲಾರದು, ಅವುಗಳಿಗೆ ಬಲವಾದ ಆಂಪ್ಲಿಫೈಯರು ಬೇಕು, ಒಳ್ಳೆಯ ಯಂತ್ರದಲ್ಲಿ ಅದಿರುತ್ತದೆ. ಎರಡನೆಯದು ಹೆಚ್ಚು ತೂಕದ್ದು. ಮೊಬೈಲು ಸಂಗೀತವನ್ನು ಹಾಡುತ್ತಿರುವಾಗಲೇ ಬ್ಯಾಂಕಿನ ಸಂದೇಶವನ್ನೂ ನೆಂಟರ ಶುಭೋದಯವನ್ನೂ ಸಾಲ ಕೊಡುತ್ತೇವೆಂಬ ಅಪರಿಚಿತರ ಕರೆಯನ್ನೂ ತಂದು ಆಲಾಪನೆಯ ನಡುವೆ ಸುರಿಯುತ್ತದೆ. ಕರೆ ಬಾರದ, ಸಂದೇಶ ತಾರದ, ಹಾಡುವುದೊಂದನ್ನೇ ಬಲ್ಲ ವಸ್ತುವನ್ನು ಕೈಗೆತ್ತಿಕೊಂಡವನು ಒಂದು ಗಂಟೆಯಾದರೂ ಶ್ರೋತೃವಾಗಿರುತ್ತಾನೆ. ಮೊರಿಟಾ ಅವರು ಅಗೌರವವೆಂದು ಅಂಜಿದ ಆ ಏಕಾಂತವು ಇಂದು ಹಣ ಕೊಟ್ಟು ಕೊಳ್ಳಬೇಕಾದ ಪದಾರ್ಥವಾಗಿದ್ದರೆ, ಅದಕ್ಕೆ ಬೆಲೆಯಿಲ್ಲವೆಂದು ನಾನು ಹೇಳಲಾರೆ. ಆದರೆ ಏಕಾಂತಕ್ಕೆ ಎಪ್ಪತ್ತು ಸಾವಿರ ಬೇಕಾಗಿಲ್ಲ. ಹತ್ತು ಹನ್ನೆರಡು ಸಾವಿರದ ಸಾಧಾರಣ ಯಂತ್ರವೂ, ಅಷ್ಟೇಕೆ, ಮೇಜಿನ ಖಾನೆಯಲ್ಲಿ ಬಿದ್ದಿರುವ ಸಿಮ್ ಕಾರ್ಡಿಲ್ಲದ ಹಳೆಯ ಮೊಬೈಲೂ ಅದನ್ನು ಒದಗಿಸಬಲ್ಲದು.

ಬಾಳಿಕೆಯ ವಿಚಾರವನ್ನು ಮಾರುವವರು ಎತ್ತುವುದಿಲ್ಲ. ಲಿಥಿಯಮ್ ಬ್ಯಾಟರಿಯು ಕೆಲವೇ ವರ್ಷಗಳಲ್ಲಿ ಕಸುವು ಕಳೆದುಕೊಳ್ಳುತ್ತದೆ. ಬಹುಪಾಲು ಯಂತ್ರಗಳಲ್ಲಿ ಅದನ್ನು ನಾವೇ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಆಂಡ್ರಾಯ್ಡಿನ ಮೇಲೆ ನಡೆಯುವ ಯಂತ್ರಗಳಿಗೆ ಹೊಸ ಆವೃತ್ತಿಗಳು ಬರುವುದು ನಿಂತುಹೋಗಿ, ಅಂತರ್ಜಾಲದಿಂದ ಹಾಡು ತರುವ ಆ್ಯಪುಗಳು ಒಂದೊಂದಾಗಿ ಕೈಕೊಡುತ್ತವೆ. ಕೆಲವೊಮ್ಮೆ ತಯಾರಕರೇ ಇಲ್ಲವಾಗುತ್ತಾರೆ: ಗಾಯಕ ನೀಲ್ ಯಂಗ್ ಅವರು 2014ರಲ್ಲಿ ಸಾರ್ವಜನಿಕರಿಂದಲೇ ಅರವತ್ತು ಲಕ್ಷ ಡಾಲರುಗಳಿಗೂ ಮಿಗಿಲಾಗಿ ಕೂಡಿಸಿ ಕಟ್ಟಿದ ಪೋನೋ ಎಂಬ ಮುಮ್ಮೂಲೆಯ ಯಂತ್ರವು, ಅಷ್ಟು ದೊಡ್ಡ ಹೆಸರಿನ ಬೆಂಬಲವಿದ್ದೂ, 2017ರ ಹೊತ್ತಿಗೆ ಅಂಗಡಿ ಮುಚ್ಚಿತು.

ದುಬಾರಿಯ ಯಂತ್ರವೇ ಬೇಕೆಂದು ಮನಸ್ಸು ಹಟ ಹಿಡಿದರೆ, ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಹುಡುಕುವುದು ಮೇಲು. ಹೊಸ ಮಾದರಿ ಬಂದೊಡನೆ ಹಳೆಯದನ್ನು ಮಾರಿಬಿಡುವ ಚಪಲ ಈ ಹವ್ಯಾಸದವರಲ್ಲಿ ವಿಶೇಷವಾಗಿರುವುದರಿಂದ ಯಂತ್ರಗಳು ಗೀರು ಬೀಳದ ಸ್ಥಿತಿಯಲ್ಲಿಯೇ, ಬೆಲೆ ಬಹಳ ಇಳಿದು ದೊರಕುತ್ತವೆ. ಕೊಳ್ಳುವ ಮುನ್ನ ಪೂರ್ತಿ ಚಾರ್ಜು ಮಾಡಿಸಿ, ಎಷ್ಟು ಹೊತ್ತು ಹಾಡುತ್ತದೆಂದು ಎದುರಿನಲ್ಲಿಯೇ ನೋಡಬೇಕು; ಹೆಡ್‌ಫೋನು ರಂಧ್ರದಲ್ಲಿ ಪಿನ್ನನ್ನು ಮೆಲ್ಲನೆ ತಿರುಗಿಸಿದಾಗ ಎಡಗಿವಿಯ ಸದ್ದು ಕಡಿದು ಕಡಿದು ಬಂದರೆ, ಬೆಲೆ ಎಷ್ಟೇ ಇಳಿದಿರಲಿ, ಮುಟ್ಟಬಾರದು.